ಆಡು ನಮ್ಮದಾದರೆ ಹಗ್ಗವೂ ನಮ್ಮ ಕೈಲಿರಲಿ

ನಮ್ಮ ಹಾಸ್ಟೆಲುಗಳ ಗೋಡೆ ಮೇಲೆ ಬಾಬಾಸಾಹೇಬರ ಚಿತ್ರದ ಪಕ್ಕ ಒಂದು ಮಾತು ಬರೆದಿರುತ್ತೆ. ಬಲಿಗೆ ಹೋಗೋದು ಆಡು, ಸಿಂಹ ಅಲ್ಲ ಅನ್ನೋ ಅರ್ಥದ ಮಾತು. ಅದನ್ನು ಓದಿ ಓದಿ ನಮ್ಮ ಎದೆ ಗಟ್ಟಿಯಾಗಿದೆ, ನಿಜ. ಆದರೆ ಅದರ ಜೊತೆಗೇ ನಾವು ಒಂದು ತಪ್ಪನ್ನೂ ಕಲಿತುಬಿಟ್ಟಿದ್ದೀವಿ. ಊರಲ್ಲಿ ನಮ್ಮವ್ವ ಸಾಕೋ ಆಡನ್ನು ಕಂಡರೆ ನಾಚಿಕೆ ಪಡೋದನ್ನ ಕಲಿತಿದ್ದೀವಿ.

ಕಾಲೇಜಲ್ಲಿ ಮೇಷ್ಟ್ರು ಕೇಳ್ತಾರೆ, ನಿಮ್ಮ ಮನೇಲಿ ಏನು ಮಾಡ್ತಾರೆ ಅಂತ. 'ವ್ಯವಸಾಯ' ಅಂತೀವಿ. 'ಆಡು ಕಾಯ್ತಾರೆ' ಅನ್ನೋಕೆ ನಾಲಿಗೆ ಏಳಲ್ಲ. ಆದರೆ ನಮ್ಮ ಬಿ.ಎ. ಮೊದಲನೇ ವರ್ಷದ ಖರ್ಚಿಗೆ ಹೋದದ್ದು ಒಂದು ಕರೀ ಹೋತ. ಎರಡನೇ ವರ್ಷಕ್ಕೆ ಅದರ ತಮ್ಮ. ಮೂರನೇ ವರ್ಷ ತಾಯಿ ಆಡನ್ನೇ ಮಾರಬೇಕಾಯ್ತು. ಸ್ಕಾಲರ್‌ಶಿಪ್ಪು ಬರೋ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ನಮ್ಮ ಪದವಿ ಪತ್ರದ ಮೇಲೆ ಕುಲಪತಿಗಳ ಸಹಿ ಇದೆ. ಆ ಮೂರು ಆಡುಗಳ ಗೊರಸಿನ ಗುರುತು ಇಲ್ಲ.

ಈ ಬರಹ ಆ ಋಣಕ್ಕೆ. ಇದರಲ್ಲಿ ಹೇಳೋದು ಒಂದೇ ಮಾತು. ಆಡು ಸಾಕೋದು ನಾಚಿಕೆ ಅಲ್ಲ. ನಾವು ಸಾಕಿದ ಆಡಿನ ಲೆಕ್ಕ, ತೂಕ, ಬೆಲೆ ಮೂರೂ ಇನ್ನೊಬ್ಬರ ಕೈಲಿರೋದು ನಾಚಿಕೆ.

ಜೀತದ ಆಡು, ಪಾಲಿನ ಆಡು

ನಮ್ಮ ತಾತಂದಿರು ಆಡು ಕಾಯ್ದವರೇ. ಆದರೆ ಅವು ತಮ್ಮವಲ್ಲ, ಗೌಡರವು. ವರ್ಷಕ್ಕೆ ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಎಕ್ಕಡ. ತಲೆ ಮೇಲೆ ಯಾವತ್ತೂ ತೀರದ ಸಾಲ. ಶಾಲೆಯ ಗಂಟೆ ಅವರಿಗೂ ಕೇಳಿಸ್ತಿತ್ತು. ಆದರೆ ಆ ಗಂಟೆ ಹೊಡೆದಾಗ ಅವರು ಕೋಲು ಹಿಡಿದು ಊರಾಚೆ ಬಾರೆ ಮೇಲೆ ನಿಂತಿರ್ತಿದ್ದರು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಟಿತು, 1976ರಲ್ಲಿ ಕಾಯ್ದೆಯಾಯಿತು, ಜೀತ ರದ್ದಾಯಿತು. ಕಾಗದದ ಮೇಲೆ ಹಗ್ಗ ಬಿಚ್ಚಿದರು. ಕೊರಳಿನ ಗಾಯ ಉಳೀತು.

ಜೀತ ಹೋದರೂ 'ಪಾಲು' ಹೋಗಲಿಲ್ಲ. ಉಳ್ಳವರು ಎರಡು ಹೆಣ್ಣಾಡು ಕೊಡ್ತಾರೆ. ಮೇಯಿಸೋರು ನಾವು, ಸೊಪ್ಪು ತರೋರು ನಾವು, ಮಳೇಲಿ ನೆನೆಯೋರು ನಾವು. ಹುಟ್ಟಿದ ಮರೀಲಿ ಅರ್ಧ ಅವರದು. ತಾಯಿ ಆಡು ಎಂದಿಗೂ ಅವರದೇ. ಸತ್ತರೆ 'ನೀವೇ ಕುಯ್ಕೊಂಡು ತಿಂದಿರ್ತೀರಿ' ಅನ್ನೋ ಮಾತು ನಮಗೆ.

ನಮ್ಮವ್ವ ಈ ಪಾಲಿನಿಂದ ಆಚೆ ಬಂದದ್ದು ಹೇಗೆ ಅಂತ ಹೇಳ್ತೀವಿ ಕೇಳಿ. ಹೊಗೆಸೊಪ್ಪು ಕಟ್ಟೋ ಕೂಲಿಯಲ್ಲಿ ದಿನಾ ಇಷ್ಟಿಷ್ಟು ಸೆರಗಿನ ಗಂಟಲ್ಲಿ ಇಟ್ಟು ಒಂದು ಹೆಣ್ಣು ಮರಿ ತಂದಳು. ಅವತ್ತು ರಾತ್ರಿ ಕೂತು ತಾನೇ ಹಗ್ಗ ಹೊಸೆದಳು. ನಾವು ಕೇಳಿದ್ವಿ, ಮನೇಲಿ ಹಳೇ ಹಗ್ಗ ಇತ್ತಲ್ಲವ್ವ ಅಂತ. 'ಅದು ಅವರ ಆಡಿಗೆ ಕಟ್ಟಿದ್ ಹಗ್ಗ ಕಣ್ ಮಗ. ಇದು ನಮ್ದು' ಅಂದಳು. ನಾವು ಆಮೇಲೆ ಎಷ್ಟೋ ಪದ್ಯ ಬರೆದೆವು. ಅಷ್ಟು ಸರಿಯಾದ ಮಾತು ಇನ್ನೂ ಬಂದಿಲ್ಲ.

ಆಡೂ ಮೇಯಲಾರದ ಸೊಪ್ಪು

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಕಡೆ. ಸೇತುವೆ ದಾಟಿದರೆ ಕಾವೇರಿಯ ಆ ದಡ ಕುಶಾಲನಗರ, ಕೊಡಗು. ಈ ದಡದಲ್ಲಿ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸೋ ಬ್ಯಾರನ್ನುಗಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂದರೆ ಹೊಗೆಸೊಪ್ಪಿನ ಸೀಮೆ. 1976ರಲ್ಲಿ ತಂಬಾಕು ಮಂಡಳಿ ಬಂತು. ಬೆಳೆಯೋಕೆ ಲೈಸೆನ್ಸು ಬೇಕು, ಬ್ಯಾರನ್ನು ಬೇಕು, ಸೌದೆ ಬೇಕು, ಹರಾಜು ಕಟ್ಟೆಗೆ ಹೋಗೋಕೆ ನಂಬರು ಬೇಕು. ನಮ್ಮ ಕೇರಿಯವರಲ್ಲಿ ಬಹಳ ಜನಕ್ಕೆ ಇರೋದು ಕೈ ಮಾತ್ರ. ಸೊಪ್ಪು ಮುರಿಯೋಕೆ, ಕಟ್ಟೋಕೆ, ರಾತ್ರಿಯಿಡೀ ಒಲೆ ಕಾಯೋಕೆ. ಹಸಿ ಸೊಪ್ಪಿನ ನಂಜು ಕೈಗೆ ಹತ್ತಿ ವಾಂತಿ, ತಲೆಸುತ್ತು ಬಂದರೂ ಮಾರನೇ ದಿನ ಅದೇ ಹೊಲ.

ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ. ನಮ್ಮ ಸೀಮೇಲಿ ಆಡೂ ಮೇಯಲಾರದ ಸೊಪ್ಪನ್ನೇ ಬೆಳೀತಾರೆ. ಅದನ್ನು ಬೇಯಿಸೋಕೆ ಆಡು ಮೇಯೋ ಮರಗಳನ್ನೇ ಕಡೀತಾರೆ. ಹೊಗೆಸೊಪ್ಪಿನ ದುಡ್ಡು ಹರಾಜಿನ ಕಾಲಕ್ಕೆ ಬರುತ್ತೆ, ಸಾಲಗಾರನ ಮನೆ ದಾರಿ ಹಿಡಿಯುತ್ತೆ. ಆಡು ಹಾಗಲ್ಲ. ಅವ್ವನಿಗೆ ಹುಷಾರಿಲ್ಲ ಅಂದ ದಿನ, ಹಾಸ್ಟೆಲಿನಿಂದ ಕಾಗದ ಬಂದ ದಿನ ಹಗ್ಗ ಬಿಚ್ಚಿದರೆ ಸಂತೆಗೆ ನಡೆದೇ ಬರುತ್ತೆ. ಅದಕ್ಕೇ ಅದನ್ನು ಬಡವರ ಹಸು ಅಂದದ್ದು. ನಾವು ಇನ್ನೂ ಮುಂದೆ ಹೋಗಿ ಹೇಳ್ತೀವಿ, ಅದು ಅವ್ವಂದಿರ ಬ್ಯಾಂಕು. ಆ ಬ್ಯಾಂಕಿನಲ್ಲಿ ಜಾಮೀನು ಕೇಳಲ್ಲ, ಜಾತಿ ಕೇಳಲ್ಲ.

'ಗಟ್ಟಿ ತಳಿ' ಅನ್ನೋ ಹೊಗಳಿಕೆ

ನ್ಯೂಜಿಲೆಂಡ್ ಅನ್ನೋ ದೇಶದಲ್ಲಿ ಕಾಡು ಪಾಲಾಗಿದ್ದ ಆಡುಗಳನ್ನು ಹಿಡಿದು ತಂದು, ಹೆಚ್ಚು ಆರೈಕೆ ಮಾಡದೆ ಬಿಟ್ಟು, ಬದುಕಿ ಚೆನ್ನಾಗಿ ಬೆಳೆದವನ್ನೇ ಆರಿಸಿ ಆರಿಸಿ 'ಕಿಕೊ' ಅಂತ ಒಂದು ಗಟ್ಟಿ ತಳಿ ಮಾಡಿದರು. ಅಮೆರಿಕದಲ್ಲಿ ಈಗ ಅದಕ್ಕೆ ಭಾರಿ ಬೆಲೆ. ನಮ್ಮ ಕೇರಿಯ ನಾಟಿ ಆಡನ್ನು ಹಾಗೆ ಆರಿಸಿದ್ದು ಯಾವ ವಿಜ್ಞಾನಿಯೂ ಅಲ್ಲ, ಬಡತನ. ಬೇಸಗೇಲಿ ಬೇಲಿಯ ಮುಳ್ಳುಕಂಟಿ ತಿಂದು, ಒಣಗಿದ ಜಾಲಿಕಾಯಿ ಆಯ್ದು, ಸಿಕ್ಕಷ್ಟು ನೀರು ಕುಡಿದು ಬದುಕಿದ್ದೇ ಮುಂದಿನ ಮರಿಗೆ ತಾಯಿಯಾಯಿತು. 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 62 ಲಕ್ಷ ಆಡು ಮೇಕೆ ಇವೆ. ರಾಜ್ಯದ ಬಿದರಿ ಮತ್ತು ನಂದಿದುರ್ಗ ಮೇಕೆಗಳನ್ನು ತಳಿ ಅಂತ ದೇಶದ ಪಟ್ಟಿಗೆ ಸೇರಿಸಿದ್ದು ತೀರಾ ಈಚೆಗೆ. ಆಡಿಗೂ ಹೆಸರು ಸಿಗೋಕೆ ಇಷ್ಟು ವರ್ಷ ಹಿಡೀತು.

ಆದರೆ ಈ 'ಗಟ್ಟಿ' ಅನ್ನೋ ಮಾತಿನ ಬಗ್ಗೆ ಹುಷಾರಾಗಿರಬೇಕು ಗೆಳೆಯರೇ. ನಮಗೂ ಅದನ್ನೇ ಹೇಳ್ತಾರೆ. 'ಅವರು ಗಟ್ಟಿ ಜನ, ಬಿಸಿಲಾದರೂ ತಡೀತಾರೆ, ಮಳೆಯಾದರೂ ತಡೀತಾರೆ.' ಹೀಗೆ ಹೊಗಳಿದವರು ಕೇರಿಗೆ ಚರಂಡಿ ಹಾಕಿಸಲಿಲ್ಲ. ಹತ್ತು ಜನರ ಕೋಣೆಯಲ್ಲಿ ಇಪ್ಪತ್ತು ಹುಡುಗರನ್ನು ತುಂಬಿದರು. ತಡೆಯೋ ಶಕ್ತಿ ಇದೆ ಅಂತ ಹೇಳೋದು ಏನೂ ಕೊಡದೆ ಇರೋದಕ್ಕೆ ನೆಪ.

ಆಡಿನ ವಿಷಯದಲ್ಲೂ ಇದೇ ಆಯ್ತು. ಒಂದು ಮಳೆಗಾಲ ನಮ್ಮನೇಲಿ ಎಂಟು ಆಡಿದ್ದವು. ಕೊಡಗಿನ ಕಡೆಯ ಮಳೆ ನಮ್ಮ ಕಡೆಗೂ ಹೊಡೀತಿತ್ತು. ಮೊದಲು ಒಂದಕ್ಕೆ ಜ್ವರ, ಕಣ್ಣು ಮೂಗಲ್ಲಿ ನೀರು, ಆಮೇಲೆ ಬಾಯಿ ಹುಣ್ಣು, ಭೇದಿ. ವಾರ ಕಳೆಯೋದರೊಳಗೆ ಐದು ಹೋದವು. ಅದು ಪಿಪಿಆರ್, ಆಡಿನ ಪ್ಲೇಗು. 1987ರಲ್ಲಿ ತಮಿಳುನಾಡಿನಲ್ಲಿ ಭಾರತಕ್ಕೆ ಮೊದಲು ಕಾಣಿಸಿಕೊಂಡ ರೋಗ. ಅದಕ್ಕೆ ಲಸಿಕೆ ಇದೆ. ಒಂದು ಸಲ ಹಾಕಿಸಿದರೆ ಮೂರು ವರ್ಷದ ಮಟ್ಟಿಗೆ ಕಾಯುತ್ತೆ. ಸರ್ಕಾರವೇ ಉಚಿತವಾಗಿ ಹಾಕುತ್ತೆ. ಆ ವರ್ಷ ಲಸಿಕೆಯವರು ಊರಿಗೂ ಬಂದಿದ್ದರು. ಊರೊಳಗಿನ ಕೊಟ್ಟಿಗೆಗಳಿಗೆಲ್ಲ ಹಾಕಿ, ಕಾಫಿ ಕುಡಿದು, ಕೇರಿಯ ತಿರುವಿನಲ್ಲೇ ಗಾಡಿ ತಿರುಗಿಸಿಕೊಂಡು ಹೋದರು. ಸೂಜಿಗೂ ಮಡಿ ಮೈಲಿಗೆ ಉಂಟಾ?

ಸತ್ತ ಆಡುಗಳನ್ನು ನಾವೇ ಹೂತೆವು. ಹೂತ ಮೇಲೆ ಗೊತ್ತಾಯ್ತು, 'ಅನುಗ್ರಹ' ಯೋಜನೆಯಲ್ಲಿ ಪರಿಹಾರ ಇದೆ, ಅದಕ್ಕೆ ಹೂಳೋ ಮುಂಚೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ಪತ್ರ ಬೇಕು ಅಂತ. ಆಗ ದೊಡ್ಡ ಆಡಿಗೆ 5,000 ರೂಪಾಯಿ ಇತ್ತು. 2025-26ರ ಬಜೆಟ್ಟಿನಲ್ಲಿ ಅದನ್ನು 7,500ಕ್ಕೆ ಏರಿಸಿದರು. ಐದು ಆಡಿಗೆ ಎಷ್ಟಾಗ್ತಿತ್ತು ಅಂತ ನೀವೇ ಲೆಕ್ಕ ಹಾಕಿ. ಬಿ.ಎ. ಓದ್ತಿದ್ದ ಮಗ ಮನೇಲಿದ್ದ. ಷೇಕ್ಸ್‌ಪಿಯರ್ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಆ ತಪ್ಪು ಲಸಿಕೆಯವರದು ಮಾತ್ರ ಅಲ್ಲ, ನಮ್ಮದೂ ಹೌದು.

ನೂರಾ ಐದರ ಲೆಕ್ಕ

ನಿರುದ್ಯೋಗಿ ಪದವೀಧರರು ಆಡು ಸಾಕಿ ಉದ್ಧಾರವಾಗಬೇಕು ಅಂತ ಈಗ ಎಲ್ಲರೂ ಉಪದೇಶ ಮಾಡ್ತಾರೆ. ಸರಿ ಅಂತ ನಾವೂ ಯೋಜನೆ ಕೇಳೋಕೆ ಹೋದೆವು. 2021ರಲ್ಲಿ ತಿದ್ದಿದ ರಾಷ್ಟ್ರೀಯ ಜಾನುವಾರು ಮಿಷನ್ ಇದೆ, ಅರ್ಧಕ್ಕರ್ಧ ಸಹಾಯಧನ ಅಂದರು. ಎಷ್ಟು ಆಡಿಗೆ ಅಂದೆವು. ಅತಿ ಸಣ್ಣ ಘಟಕ ಅಂದರೆ 100 ಹೆಣ್ಣು, 5 ಹೋತ! ಅದಕ್ಕೆ ಹೆಚ್ಚೆಂದರೆ 10 ಲಕ್ಷ ಸಹಾಯಧನ. ದೊಡ್ಡ ಘಟಕ 500 ಹೆಣ್ಣು, 25 ಹೋತ, ಅದಕ್ಕೆ 50 ಲಕ್ಷದವರೆಗೆ. ಸ್ವಂತದ್ದೋ ಗುತ್ತಿಗೇದೋ ಜಮೀನು ತೋರಿಸಬೇಕು. ಮಿಕ್ಕ ಅರ್ಧಕ್ಕೆ ಬ್ಯಾಂಕು ಸಾಲ ಒಪ್ಪಬೇಕು, ಇಲ್ಲ ನಮ್ಮ ಕೈಲೇ ಇರಬೇಕು.

ನಮ್ಮ ಮನೆಗೆ ಇರೋದು ಮಂಜೂರಾದ ಒಂದೆಕರೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇಲ್ಲದೆ ಹೋಗಿದ್ದರೆ ಅದೂ ಯಾವನ ಪಾಲೋ ಆಗಿರ್ತಿತ್ತು. ಒಂದೆಕರೇಲಿ ಅರ್ಧ ರಾಗಿ, ಬದುವಿನ ಮೇಲೆ ಆಡಿನ ಸೊಪ್ಪು. ಅಲ್ಲಿ ನೂರಾ ಐದು ಆಡು ಎಲ್ಲಿ ನಿಲ್ಲಬೇಕು? ಪಟ್ಟಣದ ಒಂದು ಬ್ಯಾಂಕಿನಲ್ಲಿ ಮ್ಯಾನೇಜರು ನಮ್ಮ ಅರ್ಜಿ ನೋಡಿ ನಕ್ಕರು. 'ಏನಪ್ಪಾ, ಬಿ.ಎ. ಓದಿ ಆಡು ಕಾಯ್ತೀಯಾ?' ನೂರು ಆಡು ಸಾಕೋನು ಉದ್ಯಮಿ, ಐದು ಸಾಕೋಳು ಆಡು ಕಾಯೋಳು. ಈ ಭೇದ ಮಾಡಿದವರು ಯಾರು? ಸಹಾಯಧನ ಬಡವರ ಹೆಸರಲ್ಲಿ ಹೊರಡುತ್ತೆ, ಜಮೀನಿದ್ದವರ ಷೆಡ್ಡಿನಲ್ಲಿ ಇಳಿಯುತ್ತೆ. ಅಲ್ಲಿ ಆಡು ಕಾಯೋಕೆ ಕೂಲಿಗೆ ಮತ್ತೆ ನಮ್ಮನ್ನೇ ಕರೀತಾರೆ. ತಾತ ಬಿಟ್ಟ ಕೋಲನ್ನು ಮೊಮ್ಮಗ ಹಿಡೀಬೇಕು.

ಮೇಯಿಸೋ ಜಾಗದ ಕಥೆಯೂ ಇದೇ. ನೂರು ದನಕ್ಕೆ 12 ಹೆಕ್ಟೇರ್ ಲೆಕ್ಕದಲ್ಲಿ ಗೋಮಾಳ ಇಡಬೇಕು ಅಂತ 1966ರ ಭೂಕಂದಾಯ ನಿಯಮ ಹೇಳುತ್ತೆ. ಊರ ಗೋಮಾಳ ಎಲ್ಲಿ ಹೋಯ್ತು ಅಂತ ಕೇಳಿದರೆ ಯಾರೂ ಬಾಯಿ ಬಿಡಲ್ಲ. ಇತ್ತ ನಾಗರಹೊಳೆ ಕಾಡು. 2025ರ ಜುಲೈನಲ್ಲಿ ಕಾಡಿನೊಳಗೆ ದನ, ಕುರಿ, ಮೇಕೆ ಮೇಯಿಸೋದನ್ನು ನಿಷೇಧಿಸಿ ಅಂತ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಕಾಡು ಉಳೀಬೇಕು, ಹುಲಿ ಬದುಕಬೇಕು, ನಮ್ಮದೇನೂ ತಕರಾರಿಲ್ಲ. ಆದರೆ ಕಾಡಿನ ಬಾಗಿಲು ಹಾಕೋರು ಗೋಮಾಳದ ಬಾಗಿಲು ತೆಗೀಬೇಕಲ್ಲ?

ನೆಲ ಸಿಕ್ಕರೆ ಏನಾಗುತ್ತೆ ಅನ್ನೋದಕ್ಕೆ ನಾವು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ಬೈಲಕುಪ್ಪೆ. 1960ರ ದಶಕದ ಶುರುವಿನಲ್ಲಿ ಬರಿಗೈಲಿ ಬಂದ ಟಿಬೆಟಿನ ನಿರಾಶ್ರಿತರಿಗೆ ಸರ್ಕಾರ ಭೂಮಿ ಕೊಟ್ಟಿತು. ಅವರು ಸಹಕಾರ ಸಂಘ ಕಟ್ಟಿಕೊಂಡರು, ಎದ್ದು ನಿಂತರು. ಅವರಿಗೆ ಕೊಟ್ಟದ್ದು ಸರಿ. ತಲೆತಲಾಂತರದಿಂದ ಇಲ್ಲೇ ಇದ್ದು ನಿರಾಶ್ರಿತರಾದವರಿಗೆ ಯಾವಾಗ ಅನ್ನೋದು ಪ್ರಶ್ನೆ.

ಚಕ್ರದ ಮೇಲಿನ ಶಾಲೆ

ಅಮೆರಿಕದಲ್ಲಿ 'ಫೋರ್-ಎಚ್' ಅಂತ ಮಕ್ಕಳ ಸಂಘ ಇದೆ. 1902ರಲ್ಲಿ ಒಹಾಯೊ ರಾಜ್ಯದಲ್ಲಿ ಶುರುವಾದದ್ದು. ಹುಡುಗನೋ ಹುಡುಗಿಯೋ ಒಂದು ಆಡು, ಒಂದು ಕರು ತಗೊಂಡು ತನ್ನ ಹೆಸರಿನಲ್ಲೇ ಸಾಕಬೇಕು. ಮೇವಿಗೆ ಎಷ್ಟು, ಔಷಧಿಗೆ ಎಷ್ಟು, ತೂಕ ಎಷ್ಟು ಏರಿತು, ಎಲ್ಲ ಪುಸ್ತಕದಲ್ಲಿ ಬರೀಬೇಕು. ಆಮೇಲೆ ಜಾತ್ರೇಲಿ ತೋರಿಸಿ ಮಾರ್ತಾರೆ. ಎಷ್ಟೋ ಮಕ್ಕಳು ಆ ದುಡ್ಡನ್ನು ಕಾಲೇಜಿಗೆ ಎತ್ತಿಡ್ತಾರೆ. ಆಡು ಸಾಕೋದು ಅಲ್ಲಿ ಪಾಠ. ನಮ್ಮಲ್ಲಿ ಅದೇ ಪಾಠ ಬಿಡಿಸೋ ಕೆಲಸ.

ಹಾಗಂತ ಅಲ್ಲಿ ಎಲ್ಲ ಚೆನ್ನಾಗಿತ್ತು ಅಂದ್ಕೋಬೇಡಿ. ದಕ್ಷಿಣದ ರಾಜ್ಯಗಳಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆ ಬರೋವರೆಗೂ ಕರಿಯರ ಮಕ್ಕಳ ಸಂಘ ಬೇರೆ, ಬಿಳಿಯರ ಮಕ್ಕಳ ಸಂಘ ಬೇರೆ. ಅವರ ಕೇರಿಗೂ ಯಾರೂ ಬರ್ತಿರಲಿಲ್ಲ. ಆಗ ಕರಿಯರು ಏನು ಮಾಡಿದರು? ಅಲಬಾಮದ ಟಸ್ಕೀಗಿಯಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1906ರಲ್ಲಿ ಒಂದು ಗಾಡಿ ಮಾಡಿಸಿದರು. ಬೀಜ, ಸಲಕರಣೆ, ಹಾಲಿನ ಸಾಮಾನು ತುಂಬಿದ ಕುದುರೆಗಾಡಿಯಂಥ ಗಾಡಿ. ಅದು ಬಡ ಕರಿಯ ರೈತರ ಬಾಗಿಲಿಗೇ ಹೋಯಿತು. ಶಾಲೆಗೆ ಬಾರದವರ ಹತ್ತಿರ ಶಾಲೆಯೇ ಚಕ್ರ ಕಟ್ಟಿಕೊಂಡು ಹೋಯಿತು.

ಗೆಳೆಯರೇ, ನಮಗೆ ಗಾಡಿ ಬೇಕಿಲ್ಲ. ರಜೆಗೆ ಊರಿಗೆ ಹೋಗೋ ನಾವೇ ಆ ಗಾಡಿ.

ರಜೆಯಲ್ಲಿ ಮಾಡೋ ಕೆಲಸ

ಒಂದು. ಒಂದು ನೋಟುಬುಕ್ಕು ತಗೊಳ್ಳಿ. ಅವ್ವನ ಆಡುಗಳ ಹುಟ್ಟು, ಸಾವು, ಗಬ್ಬ, ಮಾರಿದ ಬೆಲೆ ಬರೀರಿ. ಆಡಿನ ಗಬ್ಬ ಐದು ತಿಂಗಳು. ಚೆನ್ನಾಗಿ ನೋಡಿಕೊಂಡರೆ ಹದಿನೈದು ಹದಿನಾರು ತಿಂಗಳಿಗೆ ಎರಡು ಸೂಲು. ಐದು ಹೆಣ್ಣಾಡಿಗೆ ಹತ್ತು ಸೂಲು. ಕೆಲವು ಒಂಟಿ, ಕೆಲವು ಅವಳಿ, ಹದಿನಾಲ್ಕು ಮರಿ ಅನ್ನಿ. ನಾಲ್ಕು ಹೋದರೂ ಹತ್ತು ಉಳೀತು. ಐದು ಗಂಡು ಮಾರಿದರೆ ಒಬ್ಬರ ಓದು ನಡೆಯುತ್ತೆ, ಹೆಣ್ಣು ಮನೇಲಿ ಉಳಿಯುತ್ತೆ. ಇದು ನೂರಾ ಐದರ ಲೆಕ್ಕ ಅಲ್ಲ, ಐದರ ಲೆಕ್ಕ.

ಎರಡು. ತಾಲ್ಲೂಕು ಪಶು ಆಸ್ಪತ್ರೆಗೆ ಇಡೀ ಕೇರಿಯ ಆಡುಗಳ ಪಟ್ಟಿ ಬರೆದು ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ. ಪಿಪಿಆರ್ ಲಸಿಕೆ ಕೇರಿಯ ಒಳಗೇ ಬಂದು ಹಾಕಬೇಕು. ಕರುಳು ಬೇನೆಯ ಲಸಿಕೆ ಪ್ರತಿ ವರ್ಷ ಮಳೆಗೆ ಮುಂಚೆ. ಜಂತಿನ ಔಷಧಿಯನ್ನೂ ಕೇಳಿ. ರೋಗ ಬಂದರೆ 1962 ನಂಬರಿಗೆ ಫೋನು ಮಾಡಿ.

ಮೂರು. ಆಡು ಸತ್ತರೆ ಹೂಳೋ ಮುಂಚೆ ವೈದ್ಯರನ್ನು ಕರೆಸಿ. ಪತ್ರ ತಗೊಂಡು ಅನುಗ್ರಹಕ್ಕೆ ಅರ್ಜಿ ಹಾಕಿ. ರೋಗದಿಂದ ಸತ್ತದ್ದನ್ನು ಯಾರೂ ತಿನ್ನೋದು ಬೇಡ. ಸತ್ತದ್ದು ನಮ್ಮ ಪಾಲಿಗೆ ಅನ್ನೋ ಕಾಲ ಮುಗೀಬೇಕು.

ನಾಲ್ಕು. ಕೇರಿಗೆ ಒಂದು ನೇತು ಹಾಕೋ ತಕ್ಕಡಿ ತನ್ನಿ. ದಲ್ಲಾಳಿ ಬೆನ್ನು ಮುಟ್ಟಿ ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ತಾನೆ. ನಮ್ಮ ಹೋತಕ್ಕೆ ಒಂದು ಸಲ ಸಿಕ್ಕಿದ್ದು 4,200 ರೂಪಾಯಿ. ಆಮೇಲೆ ಯೋಚಿಸಿದೆವು. ಇಪ್ಪತ್ತು ಕೆ.ಜಿ. ಆಡಿನಲ್ಲಿ ಒಂಬತ್ತು ಹತ್ತು ಕೆ.ಜಿ. ಮಾಂಸ ಬರುತ್ತೆ. ಮಾಂಸ ಕೆ.ಜಿ.ಗೆ 700 ದಾಟಿರೋ ಕಾಲ. ತಲೆ, ಕಾಲು, ಚರ್ಮ ಬೇರೆ. ನಮ್ಮ ಒಂದು ವರ್ಷದ ಸೊಪ್ಪು ಆ ಟವೆಲ್ಲಿನ ಕೆಳಗೇ ಹೋಯ್ತು. ಮಾರೋದಾದರೆ ತೂಗಿ ಮಾರಿ. ಹೊಸತೊಡಕು, ಬಕ್ರೀದ್, ಮಾರಿಹಬ್ಬಕ್ಕೆ ಮುಂಚೆ ಮಾರಿ. ಹಬ್ಬ ಕಳೆದ ಮೇಲೆ ಅಲ್ಲ.

ಐದು. ಬೇಲಿ ಮೇಲೆ ಗೊಬ್ಬರದ ಗಿಡ, ಅಗಸೆ, ಹಾಲವಾಣ, ಸುಬಾಬುಲ್, ಹಲಸು ನೆಡಿ. ಮಳೆಗಾಲಕ್ಕೆ ಅಡಿಕೆ ದಬ್ಬೆಯದೋ ಬಿದಿರಿನದೋ ಅಟ್ಟಣಿಗೆ ಮಾಡಿ, ಆಡಿನ ಕಾಲು ಕೆಸರಲ್ಲಿ ನಿಲ್ಲಬಾರದು. ಕೆಳಗೆ ಬಿದ್ದ ಹಿಕ್ಕೆ ರಾಗಿ ಹೊಲಕ್ಕೆ. ದೊಡ್ಡ ಕಿವಿಯ ಹೊರಗಿನ ತಳಿಗೆ ಮರುಳಾಗಿ ಸಾಲ ಮಾಡಬೇಡಿ. ಕೇರಿಗೆಲ್ಲ ಸೇರಿ ಒಂದು ಒಳ್ಳೆ ನಾಟಿ ಹೋತ ಇರಲಿ, ಎರಡು ವರ್ಷಕ್ಕೊಮ್ಮೆ ಬೇರೆ ಊರಿನದರ ಜೊತೆ ಬದಲಾಯಿಸಿ. ಅಪ್ಪ ಮಗಳಿಗೆ ಗಬ್ಬ ಕಟ್ಟಿದರೆ ತಳಿ ಸೊರಗುತ್ತೆ.

ಆರು. ಒಟ್ಟಾಗಿ ಕೇಳಿ. ಐದು ಹೆಣ್ಣು ಒಂದು ಹೋತದ ಘಟಕಕ್ಕೆ ಸಹಾಯಧನ ಬೇಕು. ಅದು ಅವ್ವನ ಹೆಸರಲ್ಲಿ, ಓದೋ ಮಗಳ ಹೆಸರಲ್ಲಿ ಇರಬೇಕು. ಪರಿಶಿಷ್ಟರಿಗೆ ಅಂತ 2013ರ ಕಾಯ್ದೆಯಲ್ಲಿ ಮೀಸಲಿಟ್ಟ ಹಣ ಇದೆ. ಆ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸೋಕೆ ದಾರಿಯಾಗಿದ್ದ 7(ಡಿ) ಕಲಮನ್ನು 2023ರಲ್ಲಿ ಕಿತ್ತು ಹಾಕಿದ್ದಾರೆ. ಕಲಂ ಹೋಯ್ತು, ಹಣ ಎಲ್ಲಿ ಅಂತ ಕೇಳಿ. ಕಿಸಾನ್ ಕ್ರೆಡಿಟ್ ಕಾರ್ಡನ್ನು ಆಡು ಕುರಿ ಸಾಕೋರಿಗೂ ಕೊಡಬೇಕು ಅಂತ 2019ರಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಮ್ಯಾನೇಜರು ನಕ್ಕರೆ ಆ ಆದೇಶ ಅವರ ಮೇಜಿನ ಮೇಲಿಡಿ. ಬರೆದು ಕೊಡಿ ಸಾರ್, ಯಾಕೆ ಆಗಲ್ಲ ಅಂತ.

ಕೊನೇ ಮಾತು

ಯಾರೋ ಕೇಳಬಹುದು. ಓದಿ ಸಿಂಹ ಆಗಿ ಅಂದರೆ ಮತ್ತೆ ಆಡು ಕಾಯೋಕೆ ಕಳಿಸ್ತೀರಾ ಅಂತ. ಇಲ್ಲ. ಪುಸ್ತಕ ಬಿಟ್ಟು ಕೋಲು ಹಿಡೀರಿ ಅನ್ನೋ ಯಾವ ಯೋಜನೆಯೂ ನಮಗೆ ಬೇಡ. ಅದು ಜೀತದ ಹೊಸ ಹೆಸರು. ಸರ್ಕಾರ ಕೊಡಬೇಕಾದ ಸ್ಕಾಲರ್‌ಶಿಪ್ಪು ಆಡಿನ ಬೆನ್ನ ಮೇಲೆ ಹೇರೋದೂ ಬೇಡ. ಆದರೆ ಸ್ಕಾಲರ್‌ಶಿಪ್ಪು ಬರೋವರೆಗೆ ನಮ್ಮನ್ನು ಓದಿಸಿದ ಜೀವಕ್ಕೆ ಮುಖ ತಿರುಗಿಸೋದು ಮನುಷ್ಯತ್ವ ಅಲ್ಲ.

ಮಾರಿಹಬ್ಬದಲ್ಲಿ ನಮ್ಮ ಕೇರಿಯ ಆಡು ಗುಡಿಯ ಮುಂದಕ್ಕೆ ಹೋಗುತ್ತೆ. ಅದನ್ನು ಸಾಕಿದವರು ದೂರ ನಿಲ್ಲಬೇಕು. ಬಲಿಗೆ ಹೋಗಿದ್ದು ಆಡು ಮಾತ್ರವಾ?

ಮೊನ್ನೆ ರಜೆಗೆ ಹೋದಾಗ ನೋಟುಬುಕ್ಕು ತೆಗೆದು ಅವ್ವನ ಮುಂದೆ ಕೂತೆವು. ಒಂದೊಂದು ಆಡಿನ ಹೆಸರು, ಅದರ ತಾಯಿ, ಅಜ್ಜಿ, ಯಾವ ಮಳೇಲಿ ಹುಟ್ಟಿತು, ಎಲ್ಲ ಬಾಯಲ್ಲೇ ಹೇಳಿದಳು. ಬರೆಯೋಕೆ ನಮ್ಮ ಕೈ ಸೋತಿತು. ಕೊನೆಗೆ ಪುಸ್ತಕ ತಿರುಗಿಸಿ ನೋಡಿದಳು. ಓದೋಕೆ ಬರಲ್ಲ ಅವಳಿಗೆ. ಬೆರಳಿಟ್ಟು ಕೇಳಿದಳು.

'ಇದ್ರಲ್ಲಿ ನನ್ ಹೆಸ್ರು ಎಲ್ಲಯ್ತೆ ಮಗ?'

ಮೊದಲನೇ ಪುಟಕ್ಕೆ ಹೋಗಿ ದಪ್ಪ ಅಕ್ಷರದಲ್ಲಿ ಬರೆದೆವು. ಮಾಲೀಕರು ಅಂತ ಬರೆದು, ಅದರ ಮುಂದೆ ಅವಳ ಹೆಸರು. ನೀವೂ ಬರೀರಿ.